ಜೋಲಿಗೊಂದು ಸೂರು

ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರು ಬುತ್ತಿಯನ್ನು ಮರೆಯುವುದಿಲ್ಲ. ಮಳೆಯನ್ನು ಮಾತ್ರ ಎಷ್ಟೋ ಮಂದಿ ಮರೆಯುತ್ತಾರೆ. ಶಿವರಾತ್ರಿಯ ಜಾತ್ರೆಗಾದರೆ ಈ ಮರೆವು ನಡೆದೀತು. ದೀಪಾವಳಿಯ ಜಾತ್ರೆಗೆ ನಡೆಯದು. ಕೊಳ್ಳೇಗಾಲದ ಸೀಮೆಗೆ ಹಿಂಗಾರು ಇಳಿಯುವುದು ಆ ದಿನಗಳಲ್ಲಿಯೇ. ಹಗಲೆಲ್ಲ ಬಿಸಿಲು ಕಾಯ್ದು, ಇರುಳಿಗೆ ಹೇಳದೆ ಕೇಳದೆ ಮಳೆ ಸುರಿಯುವುದುಂಟು.

ಕೊಳ್ಳೇಗಾಲದ ಉಪಾಧ್ಯಾಯರೊಬ್ಬರ ಮನೆಯಲ್ಲಿ ಅಂಥದೇ ಒಂದು ದೀಪಾವಳಿಗೆ ಹರಕೆಯ ಪ್ರಯಾಣ ಸಿದ್ಧವಾಯಿತು. ತಾಯಿ, ಮಡದಿ, ಎಂಟು ತಿಂಗಳ ಕೂಸು. ಹನೂರಿನಲ್ಲಿ ಮೊದಲ ರಾತ್ರಿಯ ತಂಗುದಾಣ. ಕೂಸು ನೆಲದ ಮೇಲೆ ಮಲಗದು. ಅದಕ್ಕೆ ಸೀರೆಯ ಜೋಲಿಯೇ ಆಗಬೇಕು. ಜೋಲಿ ಕಟ್ಟಿದರೆ ಅದಕ್ಕೊಂದು ಸೂರೂ ಬೇಕಷ್ಟೆ?

ಜೋಲಿಯನ್ನು ನಮ್ಮ ತಾಯಂದಿರು ಮಾತ್ರ ಬಲ್ಲರೆಂದು ಭಾವಿಸಬೇಕಾಗಿಲ್ಲ. 1492ರಲ್ಲಿ ಕೊಲಂಬಸನು ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿಯ ಜನ ನೂಲಿನ ತೂಗುಹಾಸಿಗೆಗಳಲ್ಲಿ ಮಲಗುತ್ತಿದ್ದರು. ಮುಂದೆ ಯುರೋಪಿನ ನಾವಿಕರು ಅದನ್ನೇ ಹಡಗಿಗೆ ಕೊಂಡೊಯ್ದರು. ದಪ್ಪ ಬಟ್ಟೆಗೆ ಟಾರು ಬಳಿದು ಮಳೆ ತಡೆಯುತ್ತಿದ್ದವರೂ ಆ ನಾವಿಕರೇ. ಟಾರ್ಪಾಲಿನ ಹೆಸರಿನಲ್ಲಿ ಆ ಟಾರು ಇಂದಿಗೂ ಉಳಿದಿದೆ.

ಅಂಗಡಿಯಲ್ಲಿ ಉಪಾಧ್ಯಾಯರು ಎಲ್ಲಕ್ಕಿಂತ ಅಗ್ಗವಾದ, 8 ಅಡಿ ಉದ್ದ 6 ಅಡಿ ಅಗಲದ ನೀಲಿ ಹಾಳೆಯನ್ನು ಕೈಗೆತ್ತಿಕೊಂಡರು. ಅಂಗಡಿಯವನು ಕೇಳಿದ: “ಮೇಷ್ಟ್ರೇ, ಜೋಲಿ ಎಷ್ಟು ಉದ್ದ?”

ಗಣಿತ ಕಲಿಸುವ ಮೇಷ್ಟರು ಉತ್ತರಿಸಲಾರದೆ ಮಡದಿಯ ಮುಖ ನೋಡಿದರು. ಆಕೆ ಯಳಂದೂರಿನ ಹೆಣ್ಣು. ಅಳತೆಗೆ ಆಕೆಯ ಮೊಳವೇ ಸಾಕು. “ಸೀರೆ ಎರಡು ಮಡಿಕೆ ಮಾಡಿದರೆ ಐದು ಮೊಳದ ಮೇಲಾಗುತ್ತೆ” ಎಂದಳು. ಎಂದರೆ ಸುಮಾರು 8 ಅಡಿ. ಸೂರು ಜೋಲಿಯಷ್ಟೇ ಉದ್ದವಿದ್ದರೆ, ಗಾಳಿ ಓರೆಯಾಗಿ ಬೀಸಿದೊಡನೆ ಎರಡು ತುದಿಗಳೂ ನೆನೆಯುತ್ತವೆ. ಎರಡು ಕಡೆಯೂ ಒಂದು ಮೊಳವಾದರೂ ಹೆಚ್ಚಿರಬೇಕು. ಅಗಲದ ಲೆಕ್ಕ ಇನ್ನೊಂದು ಬಗೆಯದು. 9 ಅಡಿ ಅಗಲದ ಹಾಳೆಯನ್ನು ನಡುಹಗ್ಗದ ಮೇಲೆ ಇಳಿಬಿಟ್ಟರೆ ಒಂದೊಂದು ಮಗ್ಗುಲಿಗೆ ನಾಲ್ಕೂವರೆ ಅಡಿ. ಇಳಿಜಾರಾಗಿ ಎಳೆದು ಕಟ್ಟಿದಾಗ ಮರೆಯಾಗುವ ನೆಲ ಮೂರು ಅಡಿಯಷ್ಟೇ.

ಇನ್ನು ಭಾರದ ಮಾತು. 12 ಅಡಿಗೆ 9 ಅಡಿಯ ಹಾಳೆ ಸುಮಾರು 10 ಚದರ ಮೀಟರ್. ಚದರ ಮೀಟರಿಗೆ 400 ಗ್ರಾಂ ತೂಗುವ ಹತ್ತಿಯ ಟಾರ್ಪಾಲಾದರೆ 4 ಕಿಲೋ; ನೆನೆದರೆ ಇನ್ನೂ ಹೆಚ್ಚು. 120 ಗ್ರಾಮಿನ ಪ್ಲಾಸ್ಟಿಕ್ ಹಾಳೆ ಒಂದು ಕಿಲೋ ಇನ್ನೂರು ಗ್ರಾಂ. ಸಿಲಿಕೋನ್ ಲೇಪದ ತೆಳು ನೈಲಾನು ಅರ್ಧ ಕಿಲೋ ಆದೀತು. ಆದರೆ ಬೆಲೆ ಹೆಚ್ಚು, ನೆನೆದಾಗ ಹಿಗ್ಗಿ ಜೋಲುತ್ತದೆ, ನಡುರಾತ್ರಿ ಎದ್ದು ಮತ್ತೆ ಬಿಗಿಯಬೇಕು. ಉಪಾಧ್ಯಾಯರು ಕೊನೆಗೆ ಒಪ್ಪಿದ್ದು 12 ಅಡಿಗೆ 9 ಅಡಿಯ ಪ್ಲಾಸ್ಟಿಕ್ ಹಾಳೆಗೆ. ಅದೂ ಅಂಚಿನ ಲೋಹದ ಕಣ್ಣುಗಳನ್ನು ಒಂದೊಂದಾಗಿ ಎಳೆದು ನೋಡಿದ ಮೇಲೆ. ಹಾಳೆ ಹರಿಯುವುದು ಬಹುಮಟ್ಟಿಗೆ ಅಲ್ಲಿಂದಲೇ.

“ಕಂಬಳಿಯೊಂದಿದ್ದರೆ ಸಾಲದೆ?” ಎಂದು ತಾಯಿ ಮನೆಯಲ್ಲಿ ಗೊಣಗಿದರು. “ಕಂಬಳಿ ನೀರು ಕುಡಿದು ಭಾರವಾಗುತ್ತೆ, ಅತ್ತೆ. ಅದನ್ನು ಕೂಸಿಗೆ ಹೊದಿಸೋಣ” ಎಂದಳು ಸೊಸೆ. ಹಿರಿಯರ ಮಾತೂ ಉಳಿಯಿತು. ಕಂಬಳಿಯೂ ಗಂಟು ಸೇರಿತು.

ಹನೂರಿನಾಚೆ ದಾರಿ ಕಾಡನ್ನು ಹೊಗುತ್ತದೆ. ಆ ಬೆಟ್ಟಸಾಲು 2013ರಿಂದ ವನ್ಯಜೀವಿಧಾಮ. ಆನೆ ಚಿರತೆಗಳ ನೆಲೆ. ಆದುದರಿಂದ ಇರುಳಿನ ತಂಗುದಾಣ ಊರೊಳಗೇ ಇರಬೇಕು. ಛತ್ರದ ಜಗುಲಿ ಯಾತ್ರಿಕರಿಂದ ತುಂಬಿಹೋಗಿತ್ತು. ಅಂಗಳದ ಹುಣಿಸೆಮರ ಉಪಾಧ್ಯಾಯರ ಕಣ್ಣಿಗೆ ಬಿತ್ತು. “ಸಿಡಿಲಿನ ಕಾಲ, ಮರದಡಿ ಬೇಡ ಕಣಪ್ಪ” ಎಂದು ತಾಯಿ ತಡೆದರು. ಗೋಡೆಯ ಬಳಿಯ ಎರಡು ಕಲ್ಲುಕಂಬಗಳ ನಡುವೆ ಜೋಲಿ ಏರಿತು. ಅದರ ಮೇಲೆ ಹಾಳೆ ಬಿಗಿಯಿತು. ಗಾಳಿಯ ಕಡೆಯ ಮಗ್ಗುಲನ್ನು ನೆಲದ ಹತ್ತಿರಕ್ಕೆ ಇಳಿಸಿ, ಇನ್ನೊಂದನ್ನು ಉಸಿರಾಟಕ್ಕಾಗಿ ಎತ್ತರಿಸಿದರು. ಎರಡನ್ನೂ ಮುಚ್ಚಿದ್ದರೆ ಒಳಗಿನ ಬೆವರೇ ಹನಿಯಾಗಿ ಇಳಿಯುತ್ತಿತ್ತು.

ಎರಡನೆಯ ಜಾವದಲ್ಲಿ ಮಳೆ ಹೊಯ್ಯಿತು. ಹಾಳೆ ಒಂದು ಹನಿಯನ್ನೂ ಒಳಬಿಡಲಿಲ್ಲ. ಆದರೂ ಕೂಸು ಚೀರಿತು. ತಾಯಿ ಕೈಯಿಟ್ಟು ನೋಡಿದರೆ ತಲೆಯ ಕಡೆಯ ಸೀರೆ ತಣ್ಣಗೆ ನೆನೆದಿದೆ! ಮಳೆ ಮೇಲಿನಿಂದ ಬಂದಿರಲಿಲ್ಲ. ಕಂಬದಿಂದ ಜೋಲಿಯ ಹಗ್ಗವನ್ನು ಹಿಡಿದು ಮೆಲ್ಲಗೆ ಹರಿದು ಬಂದಿತ್ತು. ಉಪಾಧ್ಯಾಯರು ಹಾಳೆಯನ್ನು ಇನ್ನಷ್ಟು ಬಿಗಿಯಲು ಹೊರಟರು.

“ಅದಲ್ಲಾರೀ” ಎಂದು ಆಕೆ ತಡೆದಳು. ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದಲ್ಲಿ ಚಿಂದಿ ತೂಗುವ ಕಡೆ ನೀರು ಕೆಳಗಿಳಿದು ತೊಟ್ಟಿಕ್ಕುವುದನ್ನು ಆಕೆ ದಿನವೂ ಕಂಡವಳು. ಕರವಸ್ತ್ರವನ್ನು ಹರಿದು, ಸೂರಿನ ಒಳಗೆ, ಸೀರೆಗೆ ಒಂದು ಗೇಣು ಮೊದಲು, ಎರಡು ಹಗ್ಗಗಳಿಗೂ ಒಂದೊಂದು ಪಟ್ಟಿ ಬಿಗಿದಳು. ನೀರು ಅಲ್ಲಿಯೇ ನಿಂತು, ತೊಟ್ಟುತೊಟ್ಟಾಗಿ ನೆಲಕ್ಕಿಳಿಯಿತು. ಅಜ್ಜಿ ನೆನೆದ ಸೀರೆ ಬಿಚ್ಚಿಸಿ ಬೇರೆ ಸೀರೆ ಕೊಟ್ಟರು. ಕಂಬಳಿಯ ಬೆಚ್ಚನೆಯಲ್ಲಿ ಕೂಸು ಮತ್ತೆ ಕಣ್ಣು ಮುಚ್ಚಿತು.

ಬೆಳಗಾದಾಗ ಛತ್ರದ ಅಂಗಳದಲ್ಲಿ ಬಹುಮಂದಿ ಬಟ್ಟೆ ಹಿಂಡುತ್ತಿದ್ದರು. ಅವರ ಹಾಳೆಗಳು ಉಪಾಧ್ಯಾಯರ ಹಾಳೆಗಿಂತ ತೆಳುವಾಗಿರಲಿಲ್ಲ. ಒಬ್ಬಾತ ಹತ್ತಿರ ಬಂದು, “ಇದನ್ನು ಎಲ್ಲಿ ಕೊಂಡಿರಿ, ಸ್ವಾಮಿ?” ಎಂದು ವಿಚಾರಿಸಿದ.

ಉಪಾಧ್ಯಾಯರು ಅಂಗಡಿಯ ಗುರುತು ಹೇಳಿದರು. ಅನಂತರ ಹಗ್ಗದಲ್ಲಿ ಇನ್ನೂ ತೊಟ್ಟಿಕ್ಕುತ್ತಿದ್ದ ಚಿಂದಿಯತ್ತ ಕೈ ತೋರಿಸಿ, “ಆದರೆ ಅದು ಅಲ್ಲಿ ಸಿಕ್ಕುವುದಿಲ್ಲ” ಎಂದರು.