ತೆಗೆಸಿದ ಬೊಜ್ಜು ತಿರುಗಿ ಬಂದಾಗ

ಹೋದ ತಿಂಗಳು ಒಂದು ಸಂಜೆ, ದುರ್ಗಿಗುಡಿಯ ನನ್ನ ಚಿಕಿತ್ಸಾಲಯಕ್ಕೆ ಭದ್ರಾವತಿಯಿಂದ ಗೃಹಿಣಿಯೊಬ್ಬರು ಬಂದರು. ವಯಸ್ಸು ನಲವತ್ತರ ಆಸುಪಾಸು. ಎರಡು ವರ್ಷಗಳ ಹಿಂದೆ ಬೆಂಗಳೂರಿಗೆ ಹೋಗಿ ಲೈಪೊಸಕ್ಷನ್ ಶಸ್ತ್ರಚಿಕಿತ್ಸೆಯಿಂದ ತೊಡೆಯ ಬೊಜ್ಜು ತೆಗೆಸಿಕೊಂಡು ಬಂದವರು. ಬಳೆ ಅಡವಿಟ್ಟು ಹಣ ಹೊಂದಿಸಿದ್ದರಂತೆ. "ಡಾಕ್ಟ್ರೇ, ಒಂದು ವರ್ಷ ಚೆನ್ನಾಗಿತ್ತು. ಈಗ ನೋಡಿ, ತೊಡೆ ಹಾಗೇ ಇದೆ, ಹೊಟ್ಟೆ ಮಾತ್ರ ಮೊದಲಿಗಿಂತ ದೊಡ್ಡದಾಗಿದೆ. ಒಮ್ಮೆ ತೆಗೆಸಿದ್ರೆ ಮತ್ತೆ ಬರೋದಿಲ್ಲ ಅಂದಿದ್ರು. ನನಗೆ ಮೋಸ ಆಯ್ತಾ?" ಎಂದು ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಆರಂಭವಾಗಿರುವುದೂ ತಿಳಿಯಿತು.

ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಪೂರ್ತಿ ವಿಷಯವನ್ನೂ ಯಾರೂ ಹೇಳಿರಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅವರು ನನ್ನನ್ನು ಕೇಳಿದ್ದರು. "ಅದೆಲ್ಲ ಸಿನಿಮಾದವರಿಗೆ, ನಿಮಗೇಕಮ್ಮಾ?" ಎಂದು ನಕ್ಕು ಕಳುಹಿಸಿಬಿಟ್ಟಿದ್ದೆ. ಅಂದು ಕೂರಿಸಿಕೊಂಡು ಹತ್ತು ನಿಮಿಷ ವಿವರಿಸಿದ್ದರೆ ಅವರು ಯೋಚಿಸಿ ತೀರ್ಮಾನ ಮಾಡುತ್ತಿದ್ದರು. ಅಂದು ಹೇಳದೆ ಉಳಿಸಿದ ಮಾತುಗಳನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಚಿಕಿತ್ಸೆ ಏನು ಮಾಡುತ್ತದೆ?

ನಮ್ಮ ದೇಹ ಕೊಬ್ಬನ್ನು ಎರಡು ಕಡೆ ಕೂಡಿಡುತ್ತದೆ. ಒಂದು, ಚರ್ಮದ ಕೆಳಗೆ. ಕೈಯಿಂದ ಹಿಡಿದರೆ ಸಿಗುವ ಮಡಿಕೆ ಇದು. ಇನ್ನೊಂದು, ಹೊಟ್ಟೆಯ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ ಹಾಗೂ ಹೃದಯಾಘಾತಕ್ಕೆ ಹೆಚ್ಚು ನಂಟಿರುವುದು ಈ ಒಳಗಿನ ಕೊಬ್ಬಿಗೆ. ಲೈಪೊಸಕ್ಷನ್‌ನಲ್ಲಿ ಸಣ್ಣ ರಂಧ್ರದ ಮೂಲಕ ಕೊಳವೆಯೊಂದನ್ನು ತೂರಿಸಿ, ಚರ್ಮದ ಕೆಳಗಿನ ಕೊಬ್ಬನ್ನಷ್ಟೇ ಹೀರಿ ತೆಗೆಯುತ್ತಾರೆ. ಒಳಗಿನ ಕೊಬ್ಬನ್ನು ಆ ಕೊಳವೆ ಮುಟ್ಟುವುದಿಲ್ಲ. ಬೆರಳಿಗೆ ಸಿಗದಂತೆ ಗಟ್ಟಿಯಾಗಿ ಮುಂದಕ್ಕೆ ಬಂದ ಗಂಡಸರ ಹೊಟ್ಟೆಗೆ ಈ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾಗದಿರುವುದು ಇದೇ ಕಾರಣಕ್ಕೆ.

ತೆಗೆದ ಕೊಬ್ಬಿನ ಕೋಶಗಳು ಹೋದವು ಎಂಬುದು ನಿಜ. ಆದರೆ ಉಳಿದ ಕೋಶಗಳು ಎಲ್ಲಿಗೂ ಹೋಗಿರುವುದಿಲ್ಲ. ಖರ್ಚಿಗಿಂತ ಹೆಚ್ಚು ಉಂಡರೆ ಆ ಹೆಚ್ಚುವರಿ ಕೊಬ್ಬು ಉಳಿದ ಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ತೊಡೆಯಲ್ಲಿ ಜಾಗ ಕಡಿಮೆಯಾದರೆ ಹೊಟ್ಟೆ, ಬೆನ್ನು, ತೋಳುಗಳು ಇದ್ದೇ ಇವೆ. ಮನೆಯ ಒಂದು ಕಪಾಟು ತೆಗೆದುಹಾಕಿ, ಸಾಮಾನು ತರುವುದನ್ನು ಮಾತ್ರ ನಿಲ್ಲಿಸದಿದ್ದರೆ ಉಳಿದ ಕಪಾಟುಗಳ ಗತಿ ಏನಾಗುತ್ತದೆಯೋ, ದೇಹದ ಗತಿಯೂ ಅದೇ.

ಪರೀಕ್ಷಿಸಿ ನೋಡಿದವರ ಮಾತು

ಇದು ನನ್ನ ಊಹೆಯಲ್ಲ. ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ ತಜ್ಞರು 32 ಮಂದಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಚಿಕಿತ್ಸೆ ನೀಡಿ, ಎಲ್ಲರನ್ನೂ ಒಂದು ವರ್ಷ ಗಮನಿಸಿದರು. ಯಾರಿಗೂ ಆಹಾರ, ವ್ಯಾಯಾಮ ಬದಲಿಸಲು ಹೇಳಲಿಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆರು ವಾರಗಳಲ್ಲಿ ಕಂಡಿದ್ದ ವ್ಯತ್ಯಾಸ ವರ್ಷದ ಕೊನೆಗೆ ಉಳಿದಿರಲಿಲ್ಲ. ತೊಡೆಯ ಕೊಬ್ಬು ಕಡಿಮೆಯೇ ಇತ್ತು, ಆದರೆ ಹೊಟ್ಟೆಯಲ್ಲಿ ಅದು ಮತ್ತೆ ಸೇರಿತ್ತು. ನಮ್ಮ ಭದ್ರಾವತಿಯ ಗೃಹಿಣಿ ಹೇಳಿದ್ದೂ ಇದನ್ನೇ ಅಲ್ಲವೇ?

2004ರಲ್ಲಿ ಸೇಂಟ್ ಲೂಯಿಸ್ ನಗರದ ವೈದ್ಯರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, 15 ಮಂದಿ ಸ್ಥೂಲಕಾಯದ ಮಹಿಳೆಯರ ಹೊಟ್ಟೆಯಿಂದ ಬಹಳಷ್ಟು ಕೊಬ್ಬು ತೆಗೆದರೂ ಅವರ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಯಾವುದೂ ಸುಧಾರಿಸಲಿಲ್ಲ. ಅಂದರೆ ಇದು ಆಕಾರವನ್ನು ತಿದ್ದುವ ಚಿಕಿತ್ಸೆ, ಕಾಯಿಲೆಯನ್ನು ತಡೆಯುವ ಚಿಕಿತ್ಸೆಯಲ್ಲ. ತೂಕ ಇಳಿಸುವ ಚಿಕಿತ್ಸೆಯೂ ಅಲ್ಲ.

ಹಾಗಾದರೆ ಫಲವನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲವೇ? ಇದೆ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಮಹಿಳೆಯರ ಒಂದು ಗುಂಪಿಗೆ ಎರಡು ತಿಂಗಳ ನಂತರ ವ್ಯಾಯಾಮ ಆರಂಭಿಸಿದರು. ವಾರಕ್ಕೆ ಮೂರು ದಿನದಂತೆ ನಾಲ್ಕು ತಿಂಗಳು ನಡಿಗೆ, ಓಟ ಮತ್ತು ಭಾರ ಎತ್ತುವ ವ್ಯಾಯಾಮ. ಸುಮ್ಮನೆ ಕುಳಿತ ಗುಂಪಿನವರಲ್ಲಿ ಹೊಟ್ಟೆಯ ಒಳಗಿನ ಕೊಬ್ಬು ಶೇಕಡಾ 10ರಷ್ಟು ಹೆಚ್ಚಿತು. ವ್ಯಾಯಾಮ ಮಾಡಿದವರಲ್ಲಿ ಹೆಚ್ಚಲಿಲ್ಲ. 2012ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ನಾವು ಕಲಿಯಬೇಕಾದ್ದು ಇಷ್ಟೆ: ಫಲ ಉಳಿಯುವುದು ಶಸ್ತ್ರವೈದ್ಯರ ಕೈಚಳಕದಿಂದ ಮಾತ್ರವಲ್ಲ, ಆಮೇಲೆ ನೀವು ನಡೆಸುವ ಜೀವನದಿಂದ.

ಮನೆಯಲ್ಲಿ ಮಾಡಬೇಕಾದ್ದು

ಮೊದಲನೆಯದು ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನ್ ಖಾಲಿಯಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಎಣ್ಣೆ, ತುಪ್ಪ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ಹಲಸಿನ ಹಪ್ಪಳ, ಮಿರ್ಚಿ ಬಜ್ಜಿ ವಾರಕ್ಕೊಮ್ಮೆ ಆಗಲಿ, ದಿನಾ ಸಂಜೆಯ ಕಾಫಿ ಜೊತೆಗಲ್ಲ.

ಎರಡನೆಯದು ತಟ್ಟೆ. ನಮ್ಮ ಮಲೆನಾಡಿನವರು ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಣ್ಣುವವರು. ಗದ್ದೆ, ತೋಟದಲ್ಲಿ ದುಡಿದವರಿಗೆ ಅದು ಸರಿಹೋಗುತ್ತಿತ್ತು. ಅಂಗಡಿ, ಕಚೇರಿಯಲ್ಲಿ ಕೂರುವವರಿಗೆ ಹೆಚ್ಚಾಗುತ್ತದೆ. ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ ಇರಲಿ. ಕಾಳು, ಬೇಳೆ, ಮೊಸರು ಅಥವಾ ಮೀನು ಇರಲಿ. ಉಳಿದ ಜಾಗಕ್ಕೆ ಅನ್ನ ಬಡಿಸಿಕೊಳ್ಳಿ.

ಮೂರನೆಯದು ನಡಿಗೆ. ದಿನಕ್ಕೆ ಮೂವತ್ತರಿಂದ ನಲವತ್ತು ನಿಮಿಷ, ವಾರಕ್ಕೆ ಐದು ದಿನವಾದರೂ ಬಿರುಸಾಗಿ ನಡೆಯಬೇಕು. ಊರಿನಲ್ಲಿ ನೆಹರೂ ಕ್ರೀಡಾಂಗಣವಿದೆ, ಗಾಂಧಿ ಪಾರ್ಕ್ ಇದೆ. "ಮಳೆಗಾಲದಲ್ಲಿ ಏನು ಮಾಡೋದು ಡಾಕ್ಟ್ರೇ?" ಎಂದು ಕೇಳುವವರು ಬಹಳ. ಮಳೆಯ ಮೂರು ತಿಂಗಳು ಮನೆಯ ಮೆಟ್ಟಿಲು ಹತ್ತಿ ಇಳಿಯಿರಿ, ಹಜಾರದಲ್ಲೇ ನಡೆಯಿರಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವ, ಎರಡು ಕೈಯಲ್ಲೂ ನೀರು ತುಂಬಿದ ಬಾಟಲಿ ಎತ್ತುವ ವ್ಯಾಯಾಮ ಮಾಡಿ. ಶಸ್ತ್ರಚಿಕಿತ್ಸೆ ಆದವರು ಮಾತ್ರ ವೈದ್ಯರು ಹೇಳಿದ ದಿನದಿಂದ ನಿಧಾನವಾಗಿ ಆರಂಭಿಸಬೇಕು. ಅವರು ಕೊಟ್ಟ ಬಿಗಿ ಉಡುಪನ್ನು ಹೇಳಿದಷ್ಟು ವಾರ ಧರಿಸಬೇಕು. ಊತ ಪೂರ್ತಿ ಇಳಿಯಲು ಕೆಲವು ತಿಂಗಳುಗಳೇ ಬೇಕು, ಗಾಬರಿಯಾಗಬೇಡಿ.

ನಾಲ್ಕನೆಯದು ಟೇಪು. ದರ್ಜಿಯವರು ಬಳಸುವ ಟೇಪು ಸಾಕು. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆ ಇವೆರಡರ ನಡುವೆ, ವಾರಕ್ಕೊಮ್ಮೆ ಬೆಳಿಗ್ಗೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಭಾರತೀಯ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಬಾರದು. ತಕ್ಕಡಿ ಸುಮ್ಮನಿರುವಾಗಲೂ ಟೇಪು ನಿಜ ಹೇಳುತ್ತದೆ. ಎರಡು ಸೆಂಟಿಮೀಟರ್ ಏರಿದಾಗಲೇ ಎಚ್ಚೆತ್ತುಕೊಂಡರೆ ಇಳಿಸುವುದು ಸುಲಭ, ಹತ್ತು ಏರಿದ ಮೇಲೆ ಕಷ್ಟ.

ಅಪಾಯವನ್ನೂ ಮರೆಯಬೇಡಿ

2022ರ ಮೇ ತಿಂಗಳಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ನಂತರ ತೀರಿಕೊಂಡರು. ವಯಸ್ಸು ಕೇವಲ 21. ಅರ್ಹ ಪ್ಲಾಸ್ಟಿಕ್ ಸರ್ಜನ್, ಅರಿವಳಿಕೆ ತಜ್ಞರು, ತುರ್ತು ಚಿಕಿತ್ಸೆಯ ಸೌಲಭ್ಯ ಎಲ್ಲವೂ ಇರುವ ಆಸ್ಪತ್ರೆಯಲ್ಲಿ, ಆರೋಗ್ಯವಂತರಿಗೆ ಮಾಡಿದಾಗ ಇಂಥ ಸಾವು ಅಪರೂಪ. ಆದರೂ ಇದು ಬ್ಯೂಟಿ ಪಾರ್ಲರಿನ ಕೆಲಸವಲ್ಲ, ಶಸ್ತ್ರಚಿಕಿತ್ಸೆ. ಮನೆಗೆ ಬಂದ ಮೇಲೆ ಏದುಸಿರು, ಎದೆನೋವು, ಒಂದು ಕಾಲಿನ ಮೀನಖಂಡದಲ್ಲಿ ಊತ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ನನ್ನ ಅಭಿಪ್ರಾಯ

ಈ ಚಿಕಿತ್ಸೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ತೂಕ ಹತೋಟಿಯಲ್ಲಿದ್ದೂ ಒಂದೆರಡು ಕಡೆ ಕರಗದೆ ಉಳಿದ ಕೊಬ್ಬಿನಿಂದ ಮನಸ್ಸಿಗೆ ಹಿಂಸೆಪಡುವವರಿಗೆ ಇದು ಸಮಾಧಾನ ಕೊಡಬಹುದು. ಆದರೆ ಮುಂಗಡ ಹಣ ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಮೇಲೆ ಹೇಳಿದ ನಾಲ್ಕನ್ನೂ ಆರು ತಿಂಗಳು ಪಾಲಿಸಿ. ತೂಕ ಏರದಂತೆ ಆರು ತಿಂಗಳು ನಿಲ್ಲಿಸಿಕೊಂಡವರಿಗೆ ಶಸ್ತ್ರಚಿಕಿತ್ಸೆಯ ಫಲವನ್ನೂ ನಿಲ್ಲಿಸಿಕೊಳ್ಳುವ ಶಕ್ತಿ ಇದೆ. ನಿಲ್ಲಿಸಿಕೊಳ್ಳಲು ಆಗದಿದ್ದರೆ ಹಣ ಉಳಿಸಿಕೊಳ್ಳಿ. ಏಕೆಂದರೆ ಎರಡನೇ ವರ್ಷ ಆ ಬೊಜ್ಜು ಬೇರೆ ದಾರಿ ಹಿಡಿದು ಬರುತ್ತದೆ. ಆರು ತಿಂಗಳ ನಂತರ ಕೊಳವೆಯ ಅಗತ್ಯವೇ ಕಾಣದೆ ಹೋಗುವವರೂ ಉಂಟು.

ಚಿಕಿತ್ಸೆ ನೀಡುವವರಿಗೂ ಒಂದು ಮಾತು. ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಎಂಬ ಎರಡು ಚಿತ್ರಗಳ ಜೊತೆಗೆ ಎರಡು ವರ್ಷಗಳ ನಂತರದ ಚಿತ್ರವನ್ನೂ ತೋರಿಸುವುದು ಪ್ರಾಮಾಣಿಕತೆ. ಇನ್ನು ಮನೆಯವರಿಗೆ: "ದಪ್ಪ ಆಗಿದೀಯ" ಎಂದು ಮದುವೆಮನೆಯಲ್ಲಿ ಹಂಗಿಸುವವರೂ ನಾವೇ, "ಇನ್ನೊಂದು ಹೋಳಿಗೆ ಹಾಕ್ಕೋ" ಎಂದು ಬಲವಂತ ಮಾಡುವವರೂ ನಾವೇ. ಹೆಂಗಸರು ಬಳೆ ಅಡವಿಡುವಂತೆ ಮಾಡುವುದು ಕನ್ನಡಿಗಿಂತ ಹೆಚ್ಚಾಗಿ ಈ ಹಂಗಿನ ಮಾತು. ಒಬ್ಬರಿಗೆ ಮಾತ್ರ ಬೇರೆ ಅಡುಗೆ ಮಾಡಿ ಯಾರೂ ಗೆದ್ದದ್ದು ನಾನು ನೋಡಿಲ್ಲ. ಬದಲಾಗಬೇಕಾದ್ದು ಇಡೀ ಮನೆಯ ಅಡುಗೆ.

ಭದ್ರಾವತಿಯ ಆ ಗೃಹಿಣಿಗೆ ನಾನು ಮಾತ್ರೆ ಬರೆದುಕೊಟ್ಟೆ. ಹಿಂದೆ ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಮುಂದಿನ ಭೇಟಿಗೆ ಪತಿಯನ್ನೂ ಕರೆತರಲು ಹೇಳಿದ್ದೆ. ಕಳೆದ ವಾರ ಇಬ್ಬರೂ ಬಂದಿದ್ದರು. ಬೆಳಿಗ್ಗೆ ಜೊತೆಯಾಗಿ ನಡೆಯುತ್ತಿದ್ದಾರಂತೆ. ಟೇಪಿನ ಲೆಕ್ಕ ಬರೆದ ಚೀಟಿ ಪತಿಯ ಜೇಬಿನಲ್ಲಿತ್ತು. ಸೊಂಟ ಇನ್ನೂ ಒಂದು ಸೆಂಟಿಮೀಟರ್ ಮಾತ್ರ ಇಳಿದಿದೆ. ಅದು ಸಾಲದೇ ಎಂದು ಅವರು ಕೇಳಿದರು. ಆರಂಭಕ್ಕೆ ಧಾರಾಳವಾಗಿ ಸಾಕು ಎಂದೆ.