ಅರ್ಧ ಓದಿದ ಅಭಿನಯ

ನಮ್ಮ ಹವ್ಯಾಸಿ ನಟರಿಗೆ ಸ್ಟಾನಿಸ್ಲಾವ್‌ಸ್ಕಿಯ ಹೆಸರೆಂದರೆ ಮಂತ್ರ. ತಮ್ಮ ಹಳೆಯ ದುಃಖವನ್ನು ನೆನೆದು ಪಾತ್ರಕ್ಕೆ ಕಣ್ಣೀರು ತರುತ್ತಾರೆ. ಮಾತು ಮಾತ್ರ ಮೂರನೆಯ ಸಾಲನ್ನು ದಾಟುವುದಿಲ್ಲ! ಆತ ಕಲಿಸಿದ್ದು ಇಷ್ಟೇ ಏನು? ಭಾವಸಾಧನೆಯ ಪುಸ್ತಕ ಇಂಗ್ಲಿಷಿಗೆ ಬಂದದ್ದು 1936ರಲ್ಲಿ. ಧ್ವನಿ, ಉಚ್ಚಾರ, ನಡಿಗೆ, ಲಯಗಳನ್ನು ಕುರಿತದ್ದು 1949ರಲ್ಲಿ. ನಡುವಣ 13 ವರ್ಷ ಅರ್ಧ ಪಾಠವನ್ನೇ ಪೂರ್ಣವೆಂದು ಜನ ನಂಬಿದ್ದು ಕ್ಷಮ್ಯ. ಇಂದಿಗೂ ನಾವು ಅಲ್ಲೇ ನಿಂತಿರುವುದು ಬರಿಯ ಸೋಮಾರಿತನ. 1938ರಲ್ಲಿ ತೀರಿಕೊಂಡ ಆತ, ಕೊನೆಗಾಲದಲ್ಲಿ ಭಾವವನ್ನು ಹಿಂಡುವುದನ್ನು ಬಿಟ್ಟು ಪಾತ್ರದ ದೈಹಿಕ ಕ್ರಿಯೆಗಳಿಂದಲೇ ತಾಲೀಮು ತೊಡಗುತ್ತಿದ್ದ. ಭರತನಾದರೂ ಸಾತ್ತ್ವಿಕವೊಂದನ್ನೇ ಹೇಳಿ ಆಂಗಿಕ, ವಾಚಿಕಗಳನ್ನು ಕೈಬಿಟ್ಟನೇ? ಕಂಪನಿ ನಟರದು ಅಬ್ಬರವೆಂದು ಹಳಿಯುವವರು (ಅಬ್ಬರವಿತ್ತು, ನಿಜ) ನಾಳೆಯ ತಾಲೀಮಿಗೆ ಒಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂಡಿಸಿ, ಏನು ಕೇಳಿಸಿತೆಂದು ವಿಚಾರಿಸಲಿ.