ಶಿಫಾರಸಿನ ಪಟ್ಟಿಯಲ್ಲಿಲ್ಲದ ದನಿ

ಕುವೈತಿನ ಹೆದ್ದಾರಿಗಳಲ್ಲಿ ಕಾರು ಚಲಾಯಿಸುತ್ತ ‘ತಲೆ-ಹರಟೆ’ಯಂಥ ಪಾಡ್‌ಕಾಸ್ಟ್ ಕೇಳುವ ಕನ್ನಡಿಗರು ಇತಿಹಾಸ, ರಾಜಕೀಯ, ವಿಜ್ಞಾನದ ಕಂತುಗಳನ್ನು ಪರಸ್ಪರ ಶಿಫಾರಸು ಮಾಡಿಕೊಳ್ಳುತ್ತಾರೆ. 1961ರವರೆಗೆ ಕುವೈತಿನಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತೆಂಬ ಕಥೆ ಎಲ್ಲರಿಗೂ ಹಿಡಿಸುತ್ತದೆ. ಆದರೆ 2024ರ ಜೂನ್ 12ರಂದು ಮಂಗಾಫ್‌ನ ಕಾರ್ಮಿಕ ವಸತಿಗೆ ಬಿದ್ದ ಬೆಂಕಿಯಲ್ಲಿ 40ಕ್ಕೂ ಹೆಚ್ಚು ಭಾರತೀಯರು ಸತ್ತರು; ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ಇದೂ ಇತಿಹಾಸವೇ. ಕಾರ್ಮಿಕರ ವಾಸದ ಪರವಾನಗಿಯನ್ನು ಮಾಲೀಕನ ಮರ್ಜಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿ ರಾಜಕೀಯವೇ. ಓದಲು ಬಿಡುವಿಲ್ಲದವರಿಗೂ, ಅಕ್ಷರ ಬಾರದವರಿಗೂ ಕಿವಿಯಿದೆ, ಕೈಯಲ್ಲಿ ಮೊಬೈಲ್ ಇದೆ. ಅವರ ಭಾಷೆಯಲ್ಲಿ ಅವರ ಹಕ್ಕುಗಳನ್ನು ವಿವರಿಸುವ, ಮೈಕನ್ನು ಅವರ ಕೈಗೂ ಕೊಡುವ ಕಂತು ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ಅಂಥದ್ದು ಸಿಗದಿದ್ದರೆ, ಕೇಳುಗರೇ ಕೂತು ಅದನ್ನು ರೂಪಿಸಬೇಕು.